ಅಗ್ಗದ ಪೆಟ್ಟಿಗೆ

“ಇದೇ ಅಗ್ಗ ಸಾರ್. ಮನೆಯ ನಾಲ್ಕೂ ಕಂಪ್ಯೂಟರಿನ ಫೈಲುಗಳು ಇದರಲ್ಲೇ ಇರುತ್ವೆ. ಯಾರು ಬೇಕಾದ್ರೂ ತೆಗೆದು ನೋಡಬಹುದು,” ಎಂದು ಅಂಗಡಿಯವನು ಹಾರ್ಡ್‌ಡಿಸ್ಕಿನ ಪೆಟ್ಟಿಗೆಯನ್ನು ಮುಂದಿಟ್ಟ. ಗಂಡನ ಮುಖ ಅರಳಿತು. ಟೀಚರಾಗಿದ್ದ ಹೆಂಡತಿ ಮಾತ್ರ ಕೈಚೀಲದ ಜಿಪ್ಪನ್ನು ತೆಗೆಯುತ್ತ, ಮುಚ್ಚುತ್ತ ನಿಂತಿದ್ದಳು.

“ಒಬ್ಬೊಬ್ಬರಿಗೂ ಬೇರೆ ಪಾಸ್‌ವರ್ಡ್ ಇಡೋಕಾಗಲ್ವಾ?” ಎಂದಳು.

“ಅದಕ್ಕೆ ಆ ದೊಡ್ಡದು ಬೇಕು ಮೇಡಂ. ರೇಟು ಡಬಲ್.”

“ನಮ್ಮನೇಲಿ ಮುಚ್ಚಿಡೋಕೆ ಏನಿದೆ?” ಎಂದು ಗಂಡ ನಕ್ಕ.

ಅವಳ ಕೈ ನಿಂತಿತು. “ಇದೆ ರೀ. ನನ್ನ ಕಂಪ್ಯೂಟರಲ್ಲಿ ರಾಜೀನಾಮೆ ಪತ್ರ ಬರೆದಿಟ್ಟಿದ್ದೀನಿ. ಹನ್ನೊಂದು ಸಲ ತಿದ್ದಿದ್ದೀನಿ. ಸ್ಕೂಲಿಗೆ ಕೊಡೋಕೂ ಧೈರ್ಯ ಬಂದಿಲ್ಲ, ನಿಮಗೆ ಹೇಳೋಕೂ.”

ಗಂಡನ ನಗು ಇಳಿಯಿತು. ಅವಳನ್ನೇ ಒಂದು ಕ್ಷಣ ನೋಡಿದವನು ಅಂಗಡಿಯವನತ್ತ ತಿರುಗಿದ. “ಹಾಗಾದ್ರೆ ಅಗ್ಗದ್ದೇ ಕೊಡಿ,” ಎಂದ. ಆಮೇಲೆ ಅವಳಿಗೆ ಮೆಲ್ಲಗೆ ಹೇಳಿದ: “ಇನ್ಮೇಲೆ ಒಂದೇ ಸಂಬಳ ತಾನೇ? ಆ ಪತ್ರ ನಾಳೇನೇ ಕೊಟ್ಟುಬಿಡು.”