ಗೇಟಿನ ಕೆಳಗಿನ ಚಿಲಕ

ಹೊಲಿಗೆಯಜ್ಜಿ ಕುರ್ಚಿಯಲ್ಲಿರಲಿಲ್ಲ. ಮಂಚದ ಮೇಲಿರಲಿಲ್ಲ, ಬಚ್ಚಲಲ್ಲಿರಲಿಲ್ಲ, ಬಟ್ಟೆ ಒಣಹಾಕುವ ಹಿತ್ತಲಲ್ಲೂ ಇರಲಿಲ್ಲ. ಆರೈಕೆ ಮನೆಯ ಉಳಿದ ಮುದುಕರು ಊಟ ಮುಗಿಸಿ ತೂಕಡಿಸುತ್ತಿದ್ದರು. ಅವರನ್ನು ನೋಡಿಕೊಳ್ಳುವ ದೊಡ್ಡಕ್ಕ ಗೇಟಿನ ಬಳಿ ಓಡಿ ಬಗ್ಗಿ ನೋಡಿದಳು. ಚಿಲಕ ಹಾಕಿಯೇ ಇತ್ತು.

ಚಿಲಕವನ್ನು ಗೇಟಿನ ಬುಡದಲ್ಲಿ ಹಾಕಿಸಿದವಳು ಅವಳೇ. ಮರೆವಿನ ಕಾಯಿಲೆಯವರು ಕೈಗೆಟಕುವ ಕಡೆ ತಡಕಾಡುತ್ತಾರೆಯೇ ಹೊರತು ಬಗ್ಗಿ ನೋಡುವುದಿಲ್ಲ. ಇಷ್ಟು ವರ್ಷಗಳಲ್ಲಿ ಒಬ್ಬರಿಗೂ ಅದು ಸಿಕ್ಕಿರಲಿಲ್ಲ.

"ತೆಗೆದು ಹೋದವರು ತಿರುಗಿ ಚಿಲಕ ಹಾಕಿ ಹೋಗ್ತಾರಾ?" ಎಂದಳು ಚಿಕ್ಕಕ್ಕ. ಹೆಸರಿಗೆ ಚಿಕ್ಕಕ್ಕ, ಈ ಕೆಲಸದಲ್ಲೇ ಅವಳ ತಲೆಯೂ ನರೆತಿತ್ತು. ದೊಡ್ಡಕ್ಕ ಹಗಲು ಅಂದರೆ ಇವಳು ರಾತ್ರಿ ಅನ್ನುವವಳು. ಕೆಲಸಕ್ಕೆ ಸೇರಿದ ದಿನದಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ.

"ಗೋಡೆ ಹಾರಿರಬೇಕು."

"ಅಲ್ಲ ದೊಡ್ಡಕ್ಕ, ಆಯಮ್ಮನ್ನ ಮಂಚ ಹತ್ತಿಸೋಕೇ ಇಬ್ಬರು ಬೇಕು. ಗೋಡೆ ಹಾರ್ತಾರಾ?"

"ಹಾಗಾದ್ರೆ ನೀನೇ ಗೇಟು ತೆಗೆದಿರಬೇಕು. ಊಟ ಆದ್ಮೇಲೆ ಎಲ್ಲಿ ಸತ್ತಿದ್ದೆ?"

"ಪಾತ್ರೆ ತೊಳೀತಿದ್ದೆ. ನೀವೆಲ್ಲಿದ್ರಿ?"

ದೊಡ್ಡಕ್ಕ ಬಗ್ಗಿ ಚಿಲಕ ತೆಗೆದಳು. "ಅದೆಲ್ಲ ಈಗ ಯಾಕೆ? ನಡಿ," ಎಂದಳು.

ಆರೈಕೆ ಮನೆಯಿದ್ದ ಪುಟ್ಟ ದ್ವೀಪಕ್ಕೆ ಇದ್ದದ್ದು ಒಂದೇ ರಸ್ತೆ. ಇಲ್ಲಿ ಕದ್ದು ಓಡಿದವನೂ ಸಂಜೆಗೆ ಎದುರಿಗೇ ಸಿಗುತ್ತಾನೆ ಎಂದು ಜನ ನಗುತ್ತಿದ್ದರು. ಆದರೆ ರಸ್ತೆ ಮುಗಿದ ಕಡೆ ನೀರು. ಹೋದ ವರ್ಷ ಯಾರೋ ಗೇಟು ತೆರೆದಿಟ್ಟಾಗ ಆರೈಕೆ ಮನೆಯಿಂದ ಎದ್ದು ಹೋದ ಗಡಿಯಾರ ರಿಪೇರಿಯ ಮುದುಕನನ್ನು ಆ ನೀರಿನಿಂದಲೇ ಎತ್ತಿದ್ದರು. ಇನ್ನೊಂದು ಹಾಗಾದರೆ ಆರೈಕೆ ಮನೆಗೆ ಬೀಗ.

ಗಾಳಿ ಜೋರಾಗಿತ್ತು. ದೊಡ್ಡಕ್ಕ ಚಳಿಗೆ ತೋಳು ಉಜ್ಜಿಕೊಳ್ಳುತ್ತಾ ಓಡುನಡಿಗೆಯಲ್ಲಿ ಹೊರಟಳು. "ಸಿಕ್ಕಿದ ಕೂಡ್ಲೇ ಬೈಬೇಡ. ಮಣಿಕಟ್ಟು ಹಿಡಿದು ಎಳೀಬೇಡ, ಕಳ್ಳನ್ನ ಹಿಡಿದ ಹಾಗಾಗುತ್ತೆ. ಮೊಣಕೈ ಕೆಳಗೆ ಅಂಗೈ ಕೊಡು. ಏನು ಹೇಳಿದ್ರೂ ಹೌದು ಅನ್ನು, ಆಮೇಲೆ ಮಾತನ್ನ ಟೀ ಕಡೆ ತಿರುಗಿಸು."

"ಅಜ್ಜಿಗೆ ಕೆಮ್ಮು ಕಲಿಸ್ತೀರಾ? ನಿಮ್ಮ ಜೊತೆ ಇದ್ದು ಇದ್ದು ನನಗೆ ನಿದ್ದೆಯಲ್ಲೂ ಇದೇ ಪಾಠ."

ದಾರಿಯಲ್ಲಿ ಬಲೆಯವನು ತನ್ನ ಮನೆಯ ಮುಂದೆ ಕೂತು ಹರಿದ ಬಲೆ ಹೆಣೆಯುತ್ತಿದ್ದ. ಇಬ್ಬರನ್ನೂ ನೋಡಿ ನಕ್ಕ. "ಏನು ದೊಡ್ಡಕ್ಕ, ಮತ್ತೆ ಹೊರಟ್ರಿ? ಇವತ್ತು ಕಾಲಿಗೆ ಚಕ್ರ ಕಟ್ಕೊಂಡಿದ್ದೀರಾ?"

"ತಮಾಷೆ ಸಾಕು. ಹೊಲಿಗೆಯಜ್ಜಿನ ಕಂಡ್ಯಾ?"

ಅವನ ನಗು ಅರ್ಧಕ್ಕೆ ನಿಂತಿತು. ದೊಡ್ಡಕ್ಕನನ್ನು ಬಿಟ್ಟು ಚಿಕ್ಕಕ್ಕನ ಮುಖ ನೋಡಿದ. "ದೋಣಿಕಟ್ಟೆ ಕಡೆ," ಎಂದಷ್ಟೇ ಹೇಳಿ ಬಲೆಗೆ ತಲೆ ಬಗ್ಗಿಸಿದ.

ಅಲ್ಲಿಂದ ಮುಂದೆ ಚಿಕ್ಕಕ್ಕ ದೊಡ್ಡಕ್ಕನ ಪಕ್ಕಕ್ಕೇ ಬಂದು ನಡೆದಳು.

ದೋಣಿಕಟ್ಟೆಯ ಟಿಕೆಟ್ ಕಿಟಕಿ ಮುಚ್ಚಿತ್ತು. ಕೊನೆಯ ಮೆಟ್ಟಿಲಿನ ಪಕ್ಕದ ಬೆಂಚಿನಲ್ಲಿ ಹೊಲಿಗೆಯಜ್ಜಿ ಕಾಲು ಅಲ್ಲಾಡಿಸುತ್ತಾ ಕೂತಿದ್ದಳು. ಅಲೆ ಮೆಟ್ಟಿಲಿಗೆ ಬಡಿದು ಅವಳ ಪಾದದವರೆಗೂ ಹಾರುತ್ತಿತ್ತು. ಮೈಮೇಲೆ ಬೂದು ಬಣ್ಣದ ಸ್ವೆಟರು, ಕತ್ತಿನವರೆಗೂ ಗುಂಡಿ ಹಾಕಿತ್ತು. ಊರಿಗೆಲ್ಲ ಬಟ್ಟೆ ಹೊಲಿದ ಆ ಬೆರಳುಗಳಿಗೆ ಈಗ ಗುಂಡಿ ಹಾಕಲು ಬರುತ್ತಿರಲಿಲ್ಲ.

"ಎಷ್ಟೊತ್ತು ಮಾಡಿದೆ?" ಎಂದಳು ಅಜ್ಜಿ, ದೊಡ್ಡಕ್ಕನಿಗೆ. "ಇಲ್ಲೇ ಕೂತಿರು, ಈಗ ಬಂದೆ ಅಂತ ಹೇಳಿ ಹೋದೋಳು ನೀನು. ನಾನೇನೋ ಕೂತೆ. ನೋಡು, ನಿನ್ನ ಸ್ವೆಟರಿನ ತೋಳು ಉದ್ದ. ನನಗೆ ಒಂದು ಮಡಿಕೆ ಜಾಸ್ತಿ."

ಅದು ಬೆಳಿಗ್ಗೆ ದೊಡ್ಡಕ್ಕ ಹಾಕಿಕೊಂಡು ಬಂದಿದ್ದ ಸ್ವೆಟರು. ಅವಳು ಊಟದ ನಂತರದ ಹೊತ್ತನ್ನು ಮನಸ್ಸಿನಲ್ಲಿ ಹುಡುಕಿದಳು. ತಟ್ಟೆ ಎತ್ತಿದ್ದು ನೆನಪಿತ್ತು. ಖಾಲಿ ಕುರ್ಚಿ ಕಂಡದ್ದು ನೆನಪಿತ್ತು. ನಡುವೆ ಏನೂ ಇರಲಿಲ್ಲ, ಮಸುಕಾಗಿಯೂ ಇರಲಿಲ್ಲ.

"ಯಾರೋ ನನ್ನ ಸ್ವೆಟರ್ ಕದ್ದು ಹಾಕಿ ಕರ್ಕೊಂಡು ಬಂದಿದ್ದಾರೆ," ಎಂದಳು. "ಬೇಕು ಅಂತಲೇ."

"ಹೌದು ದೊಡ್ಡಕ್ಕ."

ದೊಡ್ಡಕ್ಕ ಥಟ್ಟನೆ ಚಿಕ್ಕಕ್ಕನತ್ತ ತಿರುಗಿದಳು. "ಆ ಬಲೆಯವನದೇ ಕೆಲಸ ಇರಬೇಕು."

"ಇರಬೇಕು."

"ಅಲ್ಲ ಅನ್ನೇ." ದೊಡ್ಡಕ್ಕ ಅವಳ ಸೆರಗು ಹಿಡಿದೆಳೆದಳು. "ದಿನಾ ಅನ್ನೋಳಿಗೆ ಇವತ್ತು ಏನು ಬಂತು? ನಿಮಗೇನು ತಲೆ ಕೆಟ್ಟಿದೆಯಾ ಅಂತ ಬೈಯೇ."

ಚಿಕ್ಕಕ್ಕ ಅಜ್ಜಿಯನ್ನು ಎಬ್ಬಿಸಿ ನಿಲ್ಲಿಸಿದಳು. "ಗಾಳಿ ಜಾಸ್ತಿ ಆಯ್ತು," ಎಂದಳು ಮೆಲ್ಲಗೆ. "ಬನ್ನಿ, ಹೋಗಿ ಬಿಸಿ ಬಿಸಿ ಟೀ ಕುಡಿಯೋಣ."

ಮೂವರೂ ನಡೆಯತೊಡಗಿದರು, ಚಿಕ್ಕಕ್ಕ ನಡುವೆ. ಅವಳ ಒಂದು ಕೈ ಅಜ್ಜಿಯ ಮೊಣಕೈ ಕೆಳಗಿತ್ತು. ರಸ್ತೆಗೆ ಬರುವಷ್ಟರಲ್ಲಿ ದೊಡ್ಡಕ್ಕನ ಮೊಣಕೈ ಕೆಳಗೂ ಒಂದು ಅಂಗೈ ಬಂದು ಕೂತಿತು. ಹಿಡಿತದಲ್ಲಿ ಒಂದು ತಪ್ಪೂ ಇರಲಿಲ್ಲ.