ನಾಲ್ಕು ಬೆರಳು ಸಾಲದ ಡಾಬು

ಸಾವಕಾರ ಮನೆಯಲ್ಲಿ ಇಲ್ಲದೇ ಹೋಗಬಹುದಿತ್ತು. ಇದ್ದರೂ ‘ನಿಜಾಮನ ರೂಪಾಯಿ ಬ್ಯಾಡ, ಇಂಗ್ಲಿಷರ ಕಲದಾರ ತಾ’ ಅನ್ನಬಹುದಿತ್ತು. ಸೆರಗಿನ ಗಂಟು ಬಿಚ್ಚಿ ರೊಕ್ಕ ಬೀಳಬಹುದಿತ್ತು. ಭಂಕೂರದಿಂದ ಶಹಾಬಾದಕ್ಕೆ ನಡೆಯುವಾಗ ಏಳು ತಿಂಗಳ ಬಸುರಿ ಅವ್ವನಿಗೆ ಬೇನೆ ಹತ್ತಬಹುದಿತ್ತು. ಎಂಟು ವರ್ಷದ ನಾನು ಇಷ್ಟೂ ಚಿಂತೆ ಹೊತ್ತು ನಡೆದೆ. ಅವ್ವ ಹೊಟ್ಟೆಯೊಂದನ್ನೇ ಹೊತ್ತಿದ್ದಳು.

ನನ್ನ ತಮ್ಮ ಅವ್ವನ ಮುಖ ಕಾಣದೆಯೇ ಬೆಳೆದವನು. ಅವನ ಬಸುರಿ ಮಗಳಿಗೆ ನಾಳೆ ಕುಬಸ. ಮುಂಜಾಗ್ರತೆಗೆ ನಾಲ್ಕು ಕೊಂಡಿ ಹೆಚ್ಚಿಗೆ ಹಾಕಿಸಿದ ಅವ್ವನ ಬೆಳ್ಳಿ ಡಾಬನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರೆ, ಆ ಹುಳಿ ವಾಸನೆಗೆ ಆ ಮಧ್ಯಾಹ್ನವೇ ಎದುರು ಬಂದು ಕೂತಿದೆ.

ಸೋದರತ್ತೆಯ ಮದುವೆಗೆಂದು ಒತ್ತೆ ಇಟ್ಟ ಡಾಬು ಅದು. ಕಲ್ಲಿನ ಖಣಿಯ ಕೂಲಿಗಳಿಗೆ ದಿನಾ ರೊಟ್ಟಿ ಬಡಿದು ಅವ್ವ ಸಾಲ ತೀರಿಸುತ್ತ ಬಂದಿದ್ದಳು. ತನ್ನ ಕುಬಸಕ್ಕೆ ಅದನ್ನು ಕಟ್ಟಿಕೊಂಡೇ ಕೂಡಬೇಕೆಂಬುದು ಅವಳ ಹಟ.

ಸಾವಕಾರ ರೂಪಾಯಿಗಳನ್ನು ಫರಸಿ ಕಲ್ಲಿನ ಮೇಲೆ ಒಂದೊಂದಾಗಿ ಬಡಿದು ಸಪ್ಪಳ ಕೇಳಿದ. “ಮುಗೀತವ್ವ ನಿನ್ನ ಸಾಲ. ಕುಬಸಕ್ಕ ಕರಿಬೇಕು ಮತ್ತ!”

“ಬರ್ರಿ ಸಾವಕಾರ್ರ. ಬಡ್ಡಿ ಲೆಕ್ಕ ಮನ್ಯಾಗ ಇಟ್ಟು ಬರ್ರಿ,” ಅಂದಳು ಅವ್ವ.

ಬೇನೆ ಹತ್ತಲಿಲ್ಲ, ರೊಕ್ಕ ಬೀಳಲಿಲ್ಲ. ತಿರುಗಿ ಬರುವಾಗ ಬೇವಿನ ಗಿಡದ ಕೆಳಗೆ ನಿಂತು ಅವ್ವ ಡಾಬನ್ನು ನಡುವಿಗೆ ಸುತ್ತಿಕೊಂಡಳು. ಉಸಿರು ಬಿಗಿಹಿಡಿದಳು, ನಾನು ಹಿಂದಿನಿಂದ ಎಳೆದೆ. ಕೊಂಡಿ ಕೂಡಲು ನಾಲ್ಕು ಬೆರಳು ಕಡಿಮೆ ಬಿತ್ತು.

“ನಿನ್ನ ತಮ್ಮ ಈಗೇ ಜಾಗ ಹಿಡದಾನ ನೋಡು,” ಎಂದು ಅವ್ವ ನಕ್ಕಳು. “ಇರಲಿ ಬಿಡು, ಹಡದ ಮ್ಯಾಲ ಹಾಕ್ಕೋತೀನಿ.”