ಅಣ್ಣ ಸರೀತಾನಂತೆ

ಲಾರಿ ಮಾಲೀಕರ ಸಂಘದ ಅಧ್ಯಕ್ಷ ಸ್ಥಾನದ ಚುನಾವಣೆಗೆ ನಿಂತಿದ್ದ ರುದ್ರಮುನಿ ಕಣದಿಂದ ಸರಿಯುತ್ತಾನೆಂಬ ಗುಸುಗುಸು ಊರೆಲ್ಲ ಹಬ್ಬಿತ್ತು. ಅದು ನಿಜವೇ ಆಗಿತ್ತು. ಎದೆನೋವು ನೋಡಿದ ಡಾಕ್ಟರು ಚುನಾವಣೆಯ ಗದ್ದಲ ಬೇಡವೇ ಬೇಡ ಎಂದಿದ್ದರು. ಹೆಂಡತಿ ಗೌರಕ್ಕ ತನ್ನ ತಲೆ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದಳು.

"ಸರೀತೀಯಂತೆ, ಹೌದೇನಣ್ಣ? ಏನಿದ್ರೂ ನಿನ್ನ ಬಾಯಿಂದಲೇ ಬರಲಿ," ಎಂದು ಲಾರಿ ಸ್ಟ್ಯಾಂಡಿನ ಸಭೆಯಲ್ಲಿ ಬೆಂಬಲಿಗರು ಮೈಕು ಕೊಟ್ಟರು.

ಎದುರಿಗೆ ತನ್ನನ್ನೇ ನಂಬಿ ಕೂತ ಜನ. ರುದ್ರಮುನಿ ಮೈಕು ಹಿಡಿದ. "ನನ್ನ ಕೈಲಾದ್ದು ಮಾಡಿದೀನಿ. ಇನ್ನು ಎಲ್ಲಾ ನಿಮಗೇ ಬಿಟ್ಟಿದೀನಿ," ಎಂದ. ಉಳಿದದ್ದು ಒಂದೇ ಮಾತು. ಆದರೆ ಹೊರಡುವಾಗ 'ಹೋಗ್ತೀನಿ' ಅನ್ನಬಾರದೆಂದು ಅವ್ವ ಚಿಕ್ಕಂದಿನಲ್ಲೇ ಕಲಿಸಿದ್ದಳು. ಆ ಅಪಶಕುನದ ಮಾತಿಗೆ ನಾಲಿಗೆ ಹೊರಳಲೇ ಇಲ್ಲ. ಕೈ ಮುಗಿದು, "ನಾನಿನ್ನು ಬರ್ತೀನಿ," ಎಂದ.

ಪಟಾಕಿ ಸಿಡಿಯಿತು. ಬೇಡ ಬೇಡವೆಂದು ಅವನು ಕೈಯಾಡಿಸಿದ. ತಮ್ಮತ್ತ ಕೈ ಬೀಸುತ್ತಿದ್ದಾನೆಂದುಕೊಂಡ ಜನ ಅವನನ್ನು ಹೆಗಲ ಮೇಲೆ ಹೊತ್ತು ಮನೆತನಕ ತಂದಿಳಿಸಿದರು.

ಬಾಗಿಲಲ್ಲಿ ಗೌರಕ್ಕ ಕಾಯುತ್ತಿದ್ದಳು. "ಹೇಳಿದ್ರಾ?"

"ಹೇಳ್ದೆ ಕಣೇ."

ಅವನ ಬೆನ್ನ ಹಿಂದೆ ಬೀದಿಗೆ ಬೀದಿಯೇ ಕೂಗುತ್ತಿತ್ತು: "ಬರ್ತಾನೆ, ಬರ್ತಾನೆ, ಅಣ್ಣನೇ ಬರ್ತಾನೆ."